ಬುಧವಾರ ರಾತ್ರಿ 11.59

ಸಾಗರ ಸೀಮೆಯ ಪದವಿ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಅದರ ಜೊತೆಗೆ ಇನ್ನೆರಡು ಕೆಲಸಗಳು ಹೆಗಲೇರಿವೆ. ಸ್ವಯಂ ಮತ್ತು ಎನ್‌ಪಿಟೆಲ್ ಎಂಬ ಆನ್‌ಲೈನ್ ವೇದಿಕೆಗಳ ಕೋರ್ಸುಗಳಿಗೆ ಸೇರಿದ ನಮ್ಮ ವಿದ್ಯಾರ್ಥಿಗಳಿಗೆ ಮೆಂಟರ್ ಆಗಿರುವುದು ಒಂದು. ಭಾನುವಾರಗಳಲ್ಲಿ ದೂರ ಶಿಕ್ಷಣದವರ ಸಂಪರ್ಕ ತರಗತಿಗೆ ಹೋಗಿ ಪಾಠ ಮಾಡುವುದು ಇನ್ನೊಂದು. ಮೊದಲಿನ ಗುಂಪಿನಲ್ಲಿ ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರು. ಎರಡನೆಯದರಲ್ಲಿ ಪೊಲೀಸ್ ಕಾನ್‌ಸ್ಟೇಬಲ್, ಅಂಗನವಾಡಿ ಟೀಚರ್, ಬಸ್ ಕಂಡಕ್ಟರ್, ಮದುವೆಯಾಗಿ ಓದು ನಿಲ್ಲಿಸಿದ್ದವರು ಎಲ್ಲ ಇರುತ್ತಾರೆ. ಇವರಲ್ಲಿ ಯಾರು ದಡ ಸೇರುತ್ತಾರೆ, ಯಾರು ನಡುವೆ ಕೈಬಿಡುತ್ತಾರೆ ಎಂದು ಮೊದಲ ದಿನ ಹೇಳಲು ಬರುವುದಿಲ್ಲ. ಪಿಯುಸಿ ಅಂಕ ನೋಡಿ ಹೇಳಲಂತೂ ಬರುವುದೇ ಇಲ್ಲ. ನಾಲ್ಕನೇ ವಾರದ ಹೊತ್ತಿಗೆ ಮಾತ್ರ ಗೊತ್ತಾಗಿಬಿಡುತ್ತದೆ. ಅಷ್ಟರಲ್ಲಿ ಅವರ ವಾರಕ್ಕೊಂದು ಆಕಾರ ಬಂದಿರುತ್ತದೆ, ಅಥವಾ ಬಂದಿರುವುದಿಲ್ಲ. ಆನ್‌ಲೈನ್ ಓದಿನ ಬಗ್ಗೆ ನಾನು ಕಲಿತದ್ದರಲ್ಲಿ ಬಹುಪಾಲು ಇದರ ಸುತ್ತಲೇ ಇದೆ.

1. ಯಾವುದಕ್ಕೆ ಸೇರುತ್ತಿದ್ದೀರಿ ಎಂದು ಮೊದಲು ಗೊತ್ತಿರಲಿ

"ಮೇಡಂ, ನಾನು ಆನ್‌ಲೈನ್ ಡಿಗ್ರಿ ಮಾಡ್ತಿದೀನಿ" ಎನ್ನುವವರನ್ನು ಎರಡು ಪ್ರಶ್ನೆ ಕೇಳಿದರೆ ಸಾಕು, ಅವರು ಹೇಳುತ್ತಿರುವುದು ಮೂರರಲ್ಲಿ ಯಾವುದೋ ಒಂದು ಎಂದು ತಿಳಿಯುತ್ತದೆ. ಮೊದಲನೆಯದು ಮುಕ್ತ ಮತ್ತು ದೂರ ಶಿಕ್ಷಣ, ಹಳಬರ ಬಾಯಲ್ಲಿ ಕರೆಸ್ಪಾಂಡೆನ್ಸ್. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆಯ ಮೂಲಕ ಪಾಠ ಕಳಿಸುವ ಸಂಸ್ಥೆ ಶುರು ಮಾಡಿತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೇರೆ ನಿಂತಿತು. ದೆಹಲಿಯ ಇಗ್ನೊ 1985ರಿಂದ ಇದೆ. ಇಲ್ಲಿ ಸಿದ್ಧಪಾಠದ ಪುಸ್ತಕಗಳೇ ಮುಖ್ಯ. ಕೇಂದ್ರಗಳಲ್ಲಿ ಸಂಪರ್ಕ ತರಗತಿ ನಡೆಯುತ್ತದೆ, ವಿಡಿಯೊಗಳು ಅದಕ್ಕೆ ಒತ್ತಾಸೆ.

ಎರಡನೆಯದು ಪೂರ್ತಿ ಆನ್‌ಲೈನ್ ಪದವಿ. 2020ರ ಯುಜಿಸಿ ನಿಯಮಾವಳಿ ಇದನ್ನು ದೂರ ಶಿಕ್ಷಣದಿಂದ ಬೇರೆಯಾಗಿಯೇ ನೋಡುತ್ತದೆ. ವಿಡಿಯೊ ಪಾಠ, ಓದುವ ಸಾಮಗ್ರಿ, ಚರ್ಚೆಗೊಂದು ಜಾಗ, ಮೌಲ್ಯಮಾಪನ, ಈ ನಾಲ್ಕೂ ಇರಬೇಕು ಎನ್ನುತ್ತದೆ. ಮೂರನೆಯದು ಬಿಡಿ ಕೋರ್ಸು. ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಕಟ್ಟಿದ ಎನ್‌ಪಿಟೆಲ್, 2017ರ ಜುಲೈನಲ್ಲಿ ಬಂದ ಸ್ವಯಂ, ಇವೆಲ್ಲ ಈ ಬಗೆಯವು. ಕಾಲೇಜಿಗೆ ರೆಗ್ಯುಲರ್ ಆಗಿ ಹೋಗುವವರೂ ಇವನ್ನು ಪಕ್ಕದಲ್ಲಿ ಮಾಡಬಹುದು. ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇಕಡಾ 40ರವರೆಗೆ ಸ್ವಯಂ ಮೂಲಕ ಮಾಡಲು 2021ರ ಯುಜಿಸಿ ನಿಯಮ ಬಿಡುತ್ತದೆ. ಆದರೆ ನಿಮ್ಮ ವಿಶ್ವವಿದ್ಯಾನಿಲಯ ಯಾವ ಕೋರ್ಸನ್ನು ಒಪ್ಪುತ್ತದೆ ಎಂದು ಸೇರುವ ಮೊದಲೇ ವಿಭಾಗದಲ್ಲಿ ಕೇಳಿಕೊಳ್ಳಬೇಕು. ಮುಗಿಸಿದ ಮೇಲೆ ಕೇಳಿದರೆ ಸಿಗುವುದು ಸಮಾಧಾನ ಮಾತ್ರ.

ಇನ್ನೊಂದು ಸಂಗತಿ ಇವತ್ತಿಗೂ ಹಲವರಿಗೆ ಗೊತ್ತಿಲ್ಲ. ಕಾಲೇಜಿನಲ್ಲಿ ಒಂದು ಪದವಿ, ದೂರ ಶಿಕ್ಷಣದಲ್ಲೋ ಆನ್‌ಲೈನ್‌ನಲ್ಲೋ ಇನ್ನೊಂದು, ಎರಡನ್ನೂ ಒಟ್ಟಿಗೆ ಮಾಡಲು 2022ರಿಂದ ಯುಜಿಸಿ ಅವಕಾಶ ಕೊಟ್ಟಿದೆ. ಅವಕಾಶ ಇದೆ ಅಂತ ಎಲ್ಲರೂ ಮಾಡಬೇಕೆಂದೇನಿಲ್ಲ. ಒಂದರ ಅಸೈನ್‌ಮೆಂಟೇ ಮುಗಿಸದವರು ಎರಡನೆಯದಕ್ಕೆ ಫೀಸು ಕಟ್ಟಲು ಬಂದಾಗ ನಾನು ಅವರನ್ನು ಟೀ ಕುಡಿಸಿ ಕಳಿಸುತ್ತೇನೆ.

2. ಮಾನ್ಯತೆಯನ್ನು ವರ್ಷ ಹಿಡಿದು ನೋಡಿ

"ಆ ಯೂನಿವರ್ಸಿಟಿಗೆ ಮಾನ್ಯತೆ ಇದೆಯಾ?" ಎಂಬ ಪ್ರಶ್ನೆ ಅರ್ಧ ಮಾತ್ರ. ಈ ವರ್ಷಕ್ಕೆ, ಈ ಕೋರ್ಸಿಗೆ, ಈ ವಿಧಾನಕ್ಕೆ ಇದೆಯಾ ಎಂದು ಕೇಳಬೇಕು. ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಇರಬಾರದಿತ್ತು. ನಮ್ಮ ಮುಕ್ತ ವಿಶ್ವವಿದ್ಯಾನಿಲಯದ ಮಾನ್ಯತೆ 2012-13ರಿಂದಾಚೆಗೆ ಇಲ್ಲ ಎಂದು ಯುಜಿಸಿ 2015ರಲ್ಲಿ ಪ್ರಕಟಿಸಿದಾಗ, ಆ ನಡುವಿನ ವರ್ಷಗಳಲ್ಲಿ ಸೇರಿದ್ದವರು ಕೈಯಲ್ಲಿ ಅಂಕಪಟ್ಟಿ ಹಿಡಿದುಕೊಂಡು ಅಲೆದದ್ದನ್ನು ಕಂಡಿದ್ದೇವೆ. 2018ರಲ್ಲಿ ಮಾನ್ಯತೆ ಮರಳಿ ಬಂತು. ಈಗ ಸೇರುವವರಿಗೆ ಆ ಭಯ ಬೇಕಿಲ್ಲ, ಆದರೆ ನೋಡುವ ಅಭ್ಯಾಸ ಬೇಕು. ಯುಜಿಸಿಯ ದೂರ ಶಿಕ್ಷಣ ಬ್ಯೂರೊ ಪ್ರತಿ ವರ್ಷದ ಪಟ್ಟಿಯನ್ನು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಏಜೆಂಟ್ ತೋರಿಸುವ ಪಾಂಪ್ಲೆಟ್ ಬಿಟ್ಟು ಅದನ್ನು ತೆಗೆದು ನೋಡಿ.

ಇಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳನ್ನು ದೂರ ಶಿಕ್ಷಣದಲ್ಲೂ ಆನ್‌ಲೈನ್‌ನಲ್ಲೂ ಕೊಡುವಂತಿಲ್ಲ. ಯಾರಾದರೂ "ಮನೆಯಲ್ಲೇ ಕೂತು ಎಲ್‌ಎಲ್‌ಬಿ" ಎಂದರೆ ಮಾತು ಅಲ್ಲಿಗೇ ಮುಗಿಸಿ.

3. ಹೆಸರಿನ ಇನಿಷಿಯಲ್ ಮೊದಲ ಪರೀಕ್ಷೆ

ಪಾಠ ಕಷ್ಟ ಎಂದು ಬಿಟ್ಟವರಿಗಿಂತ ಮೊದಲು, ನೋಂದಣಿಯ ಹಂತದಲ್ಲೇ ಸುಸ್ತಾಗಿ ಬಿಡುವವರು ಇದ್ದಾರೆ. ನಮ್ಮ ಕಡೆಯ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರು 'ಮಂಜುನಾಥ ಎಚ್ ಎಸ್' ಅಂತ ಇರುತ್ತದೆ. ಆಧಾರಿನಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿರುತ್ತದೆ. ಬ್ಯಾಂಕಿನವರು ಮೂರನೆಯ ಥರ ಬರೆದುಕೊಂಡಿರುತ್ತಾರೆ. ದಿನನಿತ್ಯದಲ್ಲಿ ಇದರಿಂದ ಏನೂ ತೊಂದರೆ ಇಲ್ಲ, ಪೋಸ್ಟ್‌ಮ್ಯಾನ್‌ಗೂ ಗೊತ್ತು ಕಂಡಕ್ಟರಿಗೂ ಗೊತ್ತು. ಕಂಪ್ಯೂಟರಿಗೆ ಮಾತ್ರ ಇವರು ಮೂರು ಜನ.

2024ರಿಂದ ದೂರ ಶಿಕ್ಷಣಕ್ಕೂ ಆನ್‌ಲೈನ್ ಪದವಿಗೂ ಸೇರಲು ಆ ದೂರ ಶಿಕ್ಷಣ ಬ್ಯೂರೊದ ಡೆಬ್ ಐಡಿ ಬೇಕು. ಅದಕ್ಕೆ ಮೊದಲು ಎಬಿಸಿ ಐಡಿ ಬೇಕು, ಅಂದರೆ ಕ್ರೆಡಿಟ್‌ಗಳನ್ನು ಜಮಾ ಮಾಡಿಡುವ ಅಕೆಡೆಮಿಕ್ ಬ್ಯಾಂಕಿನ ಖಾತೆ. ಅದನ್ನು ಡಿಜಿಲಾಕರ್ ಮೂಲಕ ಮಾಡಿಕೊಳ್ಳಬೇಕು, ಅಲ್ಲಿ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ. ಆ ಮೊಬೈಲ್ ನಂಬರು ಯಾವುದು? ಎಷ್ಟೋ ಮಕ್ಕಳಿಗೆ ಅದು ಅಪ್ಪನ ಹಳೆಯ ಸಿಮ್, ರೀಚಾರ್ಜ್ ಇಲ್ಲದೆ ಸತ್ತುಹೋದದ್ದು. ಹೀಗೆ ಕೊಂಡಿಗೆ ಕೊಂಡಿ ಸೇರಿ, ಬಿ.ಎ. ಸೇರಲು ಹೊರಟವರು ಆಧಾರ್ ತಿದ್ದುಪಡಿ ಕೇಂದ್ರದ ಸಾಲಿನಲ್ಲಿ ನಿಂತಿರುತ್ತಾರೆ. ಅಷ್ಟರಲ್ಲಿ ಪ್ರವೇಶಾತಿಯ ಕೊನೆಯ ದಿನ ಬಂದಿರುತ್ತದೆ.

ನಾನು ಈಗ ಪ್ರವೇಶಾತಿ ತೆರೆಯುವ ಒಂದು ತಿಂಗಳ ಮೊದಲೇ ಒಂದು ಸಂಜೆ ಎಲ್ಲರನ್ನೂ ಲ್ಯಾಬಿನಲ್ಲಿ ಕೂರಿಸುತ್ತೇನೆ. ಪಾಠದ ಸುದ್ದಿಯೇ ಇಲ್ಲ. ಆಧಾರ್, ಅಂಕಪಟ್ಟಿ, ಫೋನ್ ಮೇಜಿನ ಮೇಲೆ. ಹೆಸರು ಅಕ್ಷರಕ್ಕಕ್ಷರ ತಾಳೆಯಾಗುತ್ತದೆಯೇ, ಸಿಮ್ ಜೀವಂತ ಇದೆಯೇ, ಇಮೇಲ್ ಪಾಸ್‌ವರ್ಡ್ ಅವರಿಗೇ ಗೊತ್ತಿದೆಯೇ (ಸೈಬರ್ ಸೆಂಟರಿನವನಿಗೆ ಮಾತ್ರ ಗೊತ್ತಿರುವ ಪಾಸ್‌ವರ್ಡ್‌ಗಳು ಒಂದೆರಡಲ್ಲ) ಎಂದು ನೋಡಿ, ಸರಿಯಿಲ್ಲದವರನ್ನು ಮರುದಿನವೇ ಆಧಾರ್ ಕೇಂದ್ರಕ್ಕೆ ಓಡಿಸುತ್ತೇನೆ.

4. ವಾರವೇ ತರಗತಿ

ಕಾಲೇಜಿನಲ್ಲಿ ಗಂಟೆ ಹೊಡೆಯುತ್ತದೆ, ಹಾಜರಿ ಕೂಗುತ್ತಾರೆ, ಪಕ್ಕದವನು ಮೊಣಕೈಯಲ್ಲಿ ತಿವಿಯುತ್ತಾನೆ. ಮನೆಯಲ್ಲಿ ಇದ್ಯಾವುದೂ ಇಲ್ಲ. ಅದರ ಜಾಗದಲ್ಲಿ ಇರುವುದು ಒಂದೇ, ಗಡುವು. ಎನ್‌ಪಿಟೆಲ್‌ನಲ್ಲಿ ಸಾಮಾನ್ಯವಾಗಿ ವಾರದ ಅಸೈನ್‌ಮೆಂಟಿನ ಗಡುವು ಬುಧವಾರ ರಾತ್ರಿ 11.59. ಹೀಗಾಗಿ ಬುಧವಾರ ರಾತ್ರಿ ಹನ್ನೊಂದರ ಮೇಲೆ ನನ್ನ ಫೋನಿಗೆ ವಿಶ್ರಾಂತಿ ಇಲ್ಲ. "ಮೇಡಂ ಸರ್ವರ್ ಸ್ಲೋ ಇದೆ", "ಮೇಡಂ ಐದನೇ ಪ್ರಶ್ನೆಗೆ ಆಪ್ಷನ್ ಬಿ ನಾ ಸಿ ನಾ". ಸರ್ವರ್ ನಿಧಾನವಾಗುವುದು ದೇಶವೆಲ್ಲ ಆ ಹೊತ್ತಿಗೇ ಎದ್ದು ಕೂತಿರುವುದರಿಂದ.

ಲೆಕ್ಕ ಹೀಗಿದೆ. ಹನ್ನೆರಡು ವಾರದ ಕೋರ್ಸಿಗೆ ಮೂರು ಕ್ರೆಡಿಟ್, ಸುಮಾರು 30 ಗಂಟೆಯ ವಿಡಿಯೊ. ವಾರಕ್ಕೆ ಎರಡೂವರೆ ಗಂಟೆ ಆಯಿತು. ಬರೆದುಕೊಳ್ಳಲು, ಅಸೈನ್‌ಮೆಂಟ್ ಮಾಡಲು ಅಷ್ಟೇ ಹೊತ್ತು ಬೇಕು. ಒಟ್ಟು ಐದು ಗಂಟೆ. ಐದು ಗಂಟೆ ಯಾರಿಗಾದರೂ ಸಿಗುತ್ತದೆ, ಆದರೆ ಒಟ್ಟಿಗೆ ಸಿಗುವುದಿಲ್ಲ. ಭಾನುವಾರ ಪೂರ್ತಿ ಕೂತು ಮುಗಿಸುತ್ತೇನೆ ಎನ್ನುವವರಿಗೆ ಭಾನುವಾರವೇ ಮದುವೆ, ಗೃಹಪ್ರವೇಶ, ಕ್ರಿಕೆಟ್ಟು. ದಿನಕ್ಕೆ ಒಂದು ಗಂಟೆ, ವಾರದಲ್ಲಿ ಐದು ದಿನ, ಅದೂ ಗೊತ್ತಾದ ಹೊತ್ತಿನಲ್ಲಿ ಎಂದು ಇಟ್ಟುಕೊಂಡವರು ಮಾತ್ರ ಎಂಟನೇ ವಾರ ದಾಟಿದ್ದನ್ನು ಕಂಡಿದ್ದೇನೆ.

ಬಿ.ಕಾಂ. ಹುಡುಗಿಯೊಬ್ಬಳು ಜುಲೈ ಬ್ಯಾಚಿಗೆ ಸೇರಿದ್ದಳು. ಆ ಬ್ಯಾಚಿನ ಕೊನೆಯ ವಾರಗಳೆಂದರೆ ನಮ್ಮಲ್ಲಿ ಅಡಿಕೆ ಕೊಯ್ಲು ಶುರುವಾಗುವ ಕಾಲ. ರಾತ್ರಿ ಮನೆಯವರೆಲ್ಲ ಸೇರಿ ಅಡಿಕೆ ಸುಲಿಯುವಾಗ ಅವಳು ಮೆಟ್ಟುಗತ್ತಿಯ ಮುಂದೆ ಕೂತು, ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಪಾಠ ಕೇಳುತ್ತಿದ್ದಳು. ಅದನ್ನು ಅವಳು ಓದು ಎಂದು ಲೆಕ್ಕ ಹಿಡಿಯುತ್ತಿರಲಿಲ್ಲ, ಅಲ್ಲೇ ಅವಳ ಜಾಣತನ. ಅದು ಬರೀ ಕಿವಿಗೆ ಹಾಕಿಕೊಳ್ಳುವುದು. ಬೆಳಿಗ್ಗೆ ಐದಕ್ಕೆ ಎದ್ದು, ಹಂಡೆಯ ಬೆಂಕಿ ಉರಿಯುವಷ್ಟು ಹೊತ್ತು ಬಚ್ಚಲ ಪಕ್ಕದ ಜಗಲಿಯಲ್ಲಿ ಅದೇ ಪಾಠವನ್ನು ನೋಟ್‌ಬುಕ್ ಹಿಡಿದು ಎರಡನೇ ಸಲ ನೋಡುತ್ತಿದ್ದಳು. ಅಸೈನ್‌ಮೆಂಟ್ ಸೋಮವಾರವೇ ಸಬ್ಮಿಟ್. ಗಡುವಿನೊಳಗೆ ಎಷ್ಟು ಸಲ ಬೇಕಾದರೂ ತಿದ್ದಿ ಮತ್ತೆ ಸಬ್ಮಿಟ್ ಮಾಡಬಹುದು, ಕೊನೆಯದೇ ಲೆಕ್ಕಕ್ಕೆ. ಹಾಗಾಗಿ ಸೋಮವಾರ ಹಾಕಿ ಬುಧವಾರದವರೆಗೆ ಯೋಚಿಸುತ್ತಿದ್ದಳು. ಉಳಿದವರು ಬುಧವಾರದವರೆಗೆ ಯೋಚಿಸಿ ಹಾಕಲು ನೋಡುತ್ತಿದ್ದರು.

ಇದರಲ್ಲಿ ಒಂದು ರಿಯಾಯಿತಿಯೂ ಇದೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಹನ್ನೆರಡು ಅಸೈನ್‌ಮೆಂಟುಗಳಲ್ಲಿ ಚೆನ್ನಾಗಿ ಬಂದ ಎಂಟನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಎಂಟು ವಾರದ ಕೋರ್ಸಿನಲ್ಲಿ ಆರು. ಅಂದರೆ ಹನ್ನೆರಡು ವಾರದ ಕೋರ್ಸಿನಲ್ಲಿ ನಾಲ್ಕು ವಾರ ನಿಮಗೆ ಸಾಲ ಕೊಟ್ಟಿದ್ದಾರೆ. ಇಂಟರ್ನಲ್ಸ್ ವಾರ, ಅಜ್ಜನ ತಿಥಿ, ಜ್ವರ, ಟವರ್ ಬಿದ್ದ ವಾರ, ಇವಕ್ಕೆ ಅದನ್ನು ಉಳಿಸಿಡಬೇಕು. ಮೊದಲ ಮೂರು ವಾರದಲ್ಲೇ ಸೋಮಾರಿತನಕ್ಕೆ ಖರ್ಚು ಮಾಡಿದವರು ಅಕ್ಟೋಬರಿನಲ್ಲಿ ಒದ್ದಾಡುತ್ತಾರೆ.

5. ನೋಡಿದ್ದು ಬಂದಂತಲ್ಲ

ವಿಡಿಯೊದಲ್ಲಿ ಒಳ್ಳೆಯ ಪ್ರೊಫೆಸರ್ ಲೆಕ್ಕ ಬಿಡಿಸುತ್ತಿದ್ದರೆ ನಮಗೂ ಬರುತ್ತದೆ ಅನ್ನಿಸುತ್ತದೆ. ಅಡುಗೆಯ ವಿಡಿಯೊ ನೋಡಿದವರೆಲ್ಲ ಹೋಳಿಗೆ ಲಟ್ಟಿಸಲು ಹೊರಟಂತೆ. ಕಣಕ ಕೈಗೆ ಅಂಟಿದಾಗಲೇ ಗೊತ್ತಾಗುವುದು.

ಎಡೆಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆಯಲ್ಲಿ ಜನ ವಿಡಿಯೊ ನೋಡಿದ 69 ಲಕ್ಷ ಸಂದರ್ಭಗಳನ್ನು ಫಿಲಿಪ್ ಗುವೊ ಮತ್ತು ಜೊತೆಗಾರರು 2014ರಲ್ಲಿ ಜಾಲಾಡಿದರು. ವಿಡಿಯೊ ಎಷ್ಟೇ ಉದ್ದವಿರಲಿ, ಜನ ಗಮನ ಕೊಟ್ಟು ನೋಡುವುದು ಹೆಚ್ಚೆಂದರೆ ಆರು ನಿಮಿಷದಷ್ಟು ಎಂದು ಕಂಡುಬಂತು. ನಮ್ಮ ಕೋರ್ಸುಗಳ ಪಾಠಗಳು ಅರ್ಧ ಗಂಟೆಯವು. ಆದ್ದರಿಂದ ತುಂಡು ಮಾಡುವ ಕೆಲಸ ವಿದ್ಯಾರ್ಥಿಯದೇ. ಏಳೆಂಟು ನಿಮಿಷಕ್ಕೊಮ್ಮೆ ನಿಲ್ಲಿಸಿ, ಪರದೆಯನ್ನು ಮಗುಚಿ ಇಟ್ಟು, ಇಷ್ಟು ಹೊತ್ತು ಏನು ಹೇಳಿದರು ಎಂದು ನಾಲ್ಕು ಸಾಲು ಬರೆಯಿರಿ ಅನ್ನುತ್ತೇನೆ. ಪರದೆ ನೋಡಿಕೊಂಡು ಬರೆದದ್ದು ನಕಲು, ಮಗುಚಿಟ್ಟು ಬರೆದದ್ದು ಓದು. ಇದು ನನ್ನ ಹಟವಲ್ಲ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು, ಕೆಲವರು ಒಮ್ಮೆ ಓದಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಅವರನ್ನು ಹಿಂದೆ ಹಾಕಿದ್ದರು. ಪರೀಕ್ಷೆ ಐದು ನಿಮಿಷದ ನಂತರ ಇರುವುದಿಲ್ಲ ತಾನೇ.

ಎರಡು ಪಟ್ಟು ವೇಗದಲ್ಲಿ ಓಡಿಸಿ ನೋಡುವವರ ಬಗ್ಗೆ ನನ್ನ ಅಭಿಪ್ರಾಯ ಇಲ್ಲಿ ಅಚ್ಚು ಹಾಕುವಂಥದ್ದಲ್ಲ.

6. ಮಳೆಗಾಲದ ಮೊದಲೇ ಇಳಿಸಿಟ್ಟುಕೊಳ್ಳಿ

ಜುಲೈ ಬ್ಯಾಚು ಶುರುವಾಗುವುದೂ ಮಲೆನಾಡಿನ ಕರೆಂಟು ಹೋಗುವುದೂ ಒಂದೇ ತಿಂಗಳಲ್ಲಿ. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಶರಾವತಿ ಹಿನ್ನೀರಿನ ಆಚೆಗೆ 2025ರಲ್ಲಿ ಸೇತುವೆ ಬಂತು, ನೆಟ್‌ವರ್ಕ್ ಮಾತ್ರ ಇನ್ನೂ ಮಳೆ ನೋಡಿಕೊಂಡು ಬರುತ್ತದೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ರಸ್ತೆ ಬದಿಯಲ್ಲಿ ಮಗಳು ಆನ್‌ಲೈನ್ ಪಾಠ ಕೇಳುತ್ತಿದ್ದರೆ ಅಪ್ಪ ಕೊಡೆ ಹಿಡಿದು ನಿಂತ ಫೋಟೊ ನಾಡೆಲ್ಲ ಓಡಾಡಿತು. ಎಲ್ಲರೂ ಮೆಚ್ಚಿದರು. ಆ ಅಪ್ಪ ಅಲ್ಲಿ ನಿಲ್ಲಬೇಕಾಗಿ ಬಂದದ್ದು ಯಾಕೆ ಎಂದು ಕೇಳಿದವರು ಕಡಿಮೆ.

ಉಪಾಯ ಸರಳ. ಲೈವ್ ತರಗತಿಯ ಮೇಲೆ ನಿಂತಿರುವ ಕೋರ್ಸು ಇಂಥ ಊರಿನವರಿಗೆ ಬೇಡ, ರೆಕಾರ್ಡ್ ಆದ ಪಾಠ ಇರುವುದನ್ನು ಆರಿಸಿಕೊಳ್ಳಿ. ಶನಿವಾರ ಕಾಲೇಜಿನ ವೈಫೈನಲ್ಲಿ ವಾರದ ಪಾಠವನ್ನೆಲ್ಲ ಇಳಿಸಿಕೊಂಡು ಹೋಗಿ. 720 ಪಿಕ್ಸೆಲ್‌ನಲ್ಲಿ ಒಂದು ಗಂಟೆ ನೋಡಿದರೆ ಜಿಬಿಯೊಂದು ಖರ್ಚು, 360ರಲ್ಲಿ ಅದರ ಮೂರನೇ ಒಂದು ಪಾಲು ಸಾಕು. ಬೋರ್ಡಿನ ಮೇಲಿನ ಅಕ್ಷರ 360ರಲ್ಲೂ ಕಾಣುತ್ತದೆ. ಪ್ರೊಫೆಸರರ ಅಂಗಿಯ ಗೆರೆ ಎಣಿಸುವ ಅಗತ್ಯ ಇಲ್ಲ.

7. ಕನ್ನಡದಲ್ಲೇ ಅರ್ಥ ಮಾಡಿಕೊಳ್ಳಿ

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಐಐಟಿ ಪ್ರೊಫೆಸರರ ಇಂಗ್ಲಿಷ್ ಕೇಳಿ ಮೊದಲ ವಾರವೇ ಕುಗ್ಗುತ್ತಾರೆ. ಅದರಲ್ಲೂ ಬಂಗಾಳದವರ ಇಂಗ್ಲಿಷ್, ತಮಿಳರ ಇಂಗ್ಲಿಷ್ ಎಂದು ಬೇರೆ ಬೇರೆ. ಎರಡು ವಾರ ತಾಳಿ, ಕಿವಿ ಒಗ್ಗುತ್ತದೆ. ವೇಗವನ್ನು ಮುಕ್ಕಾಲಿಗೆ ಇಳಿಸಿ, ಸಬ್‌ಟೈಟಲ್ ಹಾಕಿಕೊಳ್ಳಿ. ಎನ್‌ಪಿಟೆಲ್‌ನ ಹಲವು ಕೋರ್ಸುಗಳ ಪಾಠದ ಪಠ್ಯ ಕನ್ನಡದಲ್ಲೂ ಸಿಗುತ್ತದೆ. ಅನುವಾದ ಕೆಲವು ಕಡೆ ನಗು ತರಿಸುತ್ತದೆ, ಆದರೂ ಪಾಠದ ಜಾಡು ಹಿಡಿಯಲು ಸಾಕು.

ನೋಟ್ಸ್ ಕನ್ನಡದಲ್ಲಿ ಬರೆಯಿರಿ, ಪಾರಿಭಾಷಿಕ ಪದಗಳನ್ನು ಮಾತ್ರ ಇಂಗ್ಲಿಷಿನಲ್ಲೇ ಇಟ್ಟುಕೊಳ್ಳಿ. 'ಸ್ಟ್ಯಾಂಡರ್ಡ್ ಡೀವಿಯೇಷನ್' ಎಂದೇ ಬರೆದು, ಪಕ್ಕದಲ್ಲಿ ಅದು ಏನು ಮಾಡುತ್ತದೆ ಎಂದು ನಮ್ಮ ಮಾತಿನಲ್ಲಿ ಒಂದು ಸಾಲು. ಪೂರ್ತಿ ಇಂಗ್ಲಿಷಿನಲ್ಲಿ ಬರೆಯಲು ಹೋದವರ ನೋಟ್‌ಬುಕ್ ಅಂದವಾಗಿರುತ್ತದೆ, ಕೇಳಿದರೆ ಉತ್ತರ ಇರುವುದಿಲ್ಲ.

8. ಡೌಟು ಕೇಳುವುದೂ ಒಂದು ವಿದ್ಯೆ

ದೂರದಿಂದ ಕಲಿಯುವವರಿಗೆ ಮೇಷ್ಟ್ರ ಮುಖ ಕಾಣುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಮೇಷ್ಟ್ರಿಗೆ ಇವರ ಮುಖ ಕಾಣುವುದಿಲ್ಲ. ತರಗತಿಯಲ್ಲಿ ಹುಬ್ಬು ಗಂಟಾದರೆ ನಾನು ಅಲ್ಲೇ ನಿಲ್ಲಿಸುತ್ತೇನೆ. ಆನ್‌ಲೈನ್‌ನಲ್ಲಿ ಹುಬ್ಬಿನ ಕೆಲಸವನ್ನೂ ಅಕ್ಷರದಲ್ಲೇ ಮಾಡಬೇಕು.

"ಮೇಡಂ, ಮೂರನೇ ವಾರ ಏನೂ ಅರ್ಥ ಆಗ್ಲಿಲ್ಲ." ಇಂಥ ಸಂದೇಶಕ್ಕೆ ನಾನು ಏನು ಬರೆಯಲಿ? ಇನ್ನೊಬ್ಬ ಹುಡುಗ ಹೀಗೆ ಕಳಿಸಿದ: "ಮೇಡಂ, ಮೂರನೇ ವಾರದ ಎರಡನೇ ಪಾಠ, 14ನೇ ನಿಮಿಷ. ವೇರಿಯನ್ಸ್ ತೆಗೆಯುವಾಗ ಎನ್‌ನಿಂದ ಭಾಗಿಸುವ ಬದಲು ಎನ್ ಮೈನಸ್ ಒಂದರಿಂದ ಭಾಗಿಸಿದ್ದಾರೆ. ಒಂದು ಯಾಕೆ ಕಳೆದರು? ನಾನು ಎನ್‌ನಿಂದಲೇ ಮಾಡಿ ನೋಡಿದೆ, ಉತ್ತರ ಚಿಕ್ಕದು ಬರುತ್ತದೆ." ಜೊತೆಗೆ ನೋಟ್‌ಬುಕ್ ಪುಟದ ಫೋಟೊ. ಅವನಿಗೆ ಫೋನ್ ಮಾಡಿ ಕೇಳಿದೆ: "ಮೂರು ಸಂಖ್ಯೆ ತಗೋ, ಸರಾಸರಿ ಆರು ಅಂತ ಹೇಳ್ತೀನಿ. ಎರಡು ಸಂಖ್ಯೆ ನಾಲ್ಕು ಮತ್ತು ಎಂಟು. ಮೂರನೆಯದು?" "ಆರು ಮೇಡಂ." "ನಾನು ಹೇಳಿದ್ನಾ?" "ಇಲ್ಲ, ಆರೇ ಆಗಬೇಕಲ್ಲ." "ಹಂಗಾದ್ರೆ ಸರಾಸರಿ ಗೊತ್ತಾದ ಮೇಲೆ ಸ್ವತಂತ್ರವಾಗಿ ಓಡಾಡೋ ಸಂಖ್ಯೆ ಎಷ್ಟು?" ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಎರಡು... ಓ, ಮೂರರಲ್ಲಿ ಒಂದು ಕಳೀಬೇಕು!" ಎಂದ. ಮುಂದಿನದನ್ನೂ ಹೇಳಿದೆ. ನಮ್ಮ ಕೈಯಲ್ಲಿರುವ ಸ್ಯಾಂಪಲ್ಲಿನ ಸರಾಸರಿ ಆ ಸಂಖ್ಯೆಗಳಿಗೇ ಹತ್ತಿರ ಕೂತಿರುತ್ತದೆ, ಅದರಿಂದ ಅಳೆದ ಅಂತರ ನಿಜಕ್ಕಿಂತ ಸಾಮಾನ್ಯವಾಗಿ ಚಿಕ್ಕದಾಗುತ್ತದೆ, ಆ ಕೊರತೆಯನ್ನು ತುಂಬಲು ಚಿಕ್ಕ ಸಂಖ್ಯೆಯಿಂದ ಭಾಗಿಸುವುದು. ಐದು ನಿಮಿಷದ ಫೋನು. ಅಷ್ಟರಲ್ಲಿ ಮುಗಿದದ್ದು ಅವನು ಪಾಠ, ನಿಮಿಷ, ತಾನು ಏನು ಮಾಡಿ ನೋಡಿದೆ ಎಂಬ ಮೂರನ್ನೂ ಬರೆದಿದ್ದರಿಂದ.

ಕೋರ್ಸಿನ ಚರ್ಚಾ ವೇದಿಕೆಯಲ್ಲೂ ಟಿಎಗಳು, ಅಂದರೆ ಬೋಧನಾ ಸಹಾಯಕರು, ಉತ್ತರಿಸುವುದು ಇಂಥ ಪ್ರಶ್ನೆಗಳಿಗೇ. ಹಾಗೆಯೇ, ಕೋರ್ಸು ಮಾಡುವ ಇನ್ನೊಬ್ಬರನ್ನು ಜೊತೆ ಮಾಡಿಕೊಳ್ಳಿ. ಮೂವತ್ತು ಜನರ ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಬರುತ್ತದೆ, ಡೌಟು ಬರುವುದಿಲ್ಲ. ಇಬ್ಬರೇ ಇದ್ದರೆ ಒಬ್ಬರು ಇನ್ನೊಬ್ಬರಿಗೆ ಹೇಳಿಕೊಡಲೇಬೇಕಾಗುತ್ತದೆ.

9. ಇಪ್ಪತ್ತೈದಕ್ಕೆ ಇಪ್ಪತ್ತೈದು ಬಂದವರ ಕಥೆ

ಅಸೈನ್‌ಮೆಂಟಿನ ಉತ್ತರಗಳು ಟೆಲಿಗ್ರಾಮಿನಲ್ಲಿ ಸಿಗುತ್ತವೆ, ಯೂಟ್ಯೂಬಿನಲ್ಲಿ ಸಿಗುತ್ತವೆ, ಈಗ ಎಐ ಕೇಳಿದರೂ ಸಿಗುತ್ತವೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಹಾಗಾಗಿ ನಾನು ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತೇನೆ. ಎನ್‌ಪಿಟೆಲ್‌ನಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಪ್ರಮಾಣಪತ್ರ ಬೇಕಾದರೆ ಅಸೈನ್‌ಮೆಂಟಿನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30 ಬೇರೆ ಬೇರೆಯಾಗಿ ಬರಬೇಕು. ಎಲ್ಲ ನಕಲು ಹೊಡೆದವನಿಗೆ 25 ಬಂತು, ಪರೀಕ್ಷೆಯಲ್ಲಿ 28. ಒಟ್ಟು 53, ಆದರೂ ಫೇಲು. ಪಕ್ಕದವಳು ತಾನೇ ಮಾಡಿ 14 ತಂದಳು, ಪರೀಕ್ಷೆಯಲ್ಲಿ 33. ಒಟ್ಟು 47, ಪಾಸು. ಈ ಎರಡು ಸಾಲು ಬರೆದ ಮೇಲೆ ನೀತಿಬೋಧೆ ಮಾಡುವ ಅಗತ್ಯ ಬಿದ್ದಿಲ್ಲ.

ಇಗ್ನೊ ಬಗೆಯ ಪದವಿಗಳಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟಿಗೆ ಶೇಕಡಾ 30, ಅಂತಿಮ ಪರೀಕ್ಷೆಗೆ 70. ಅಲ್ಲಿ ಅಸೈನ್‌ಮೆಂಟನ್ನು ಕೈಯಲ್ಲೇ ಬರೆದು ಕೊಡುತ್ತಾರೆ. ದುಡ್ಡು ಕೊಟ್ಟು ಬರೆಸುವ ಅಂಗಡಿಗಳೂ ಇವೆ. ನನ್ನ ಭಾನುವಾರದ ತರಗತಿಯ, ಮೂವತ್ತೈದು ದಾಟಿದ ಅಂಗನವಾಡಿ ಟೀಚರುಗಳು ಮಾತ್ರ ರಾತ್ರಿ ಎಲ್ಲ ಮಲಗಿದ ಮೇಲೆ ಕೂತು ತಾವೇ ಬರೆಯುತ್ತಾರೆ. ವರ್ಷಗಳ ನಂತರ ಪೆನ್ನು ಹಿಡಿದ ಕೈಗೆ ಮೂರು ಗಂಟೆ ಬರೆಯುವ ತಾಳಿಕೆ ಬರುವುದು ಅದರಿಂದಲೇ.

10. ಲೈವ್ ತರಗತಿ ತೆಗೆದುಕೊಳ್ಳುವ ಮೇಷ್ಟ್ರುಗಳಿಗೆ

ಕ್ಯಾಮೆರಾ ಹಾಕಿ ಎಂದು ಒತ್ತಾಯಿಸಬೇಡಿ. ಎಷ್ಟೋ ಮಕ್ಕಳ ಮನೆಯ ಹಿಂದಿನ ಗೋಡೆ ತೋರಿಸುವಂತಿರುವುದಿಲ್ಲ. ಬದಲಿಗೆ ಹತ್ತು ನಿಮಿಷಕ್ಕೊಂದು ಪ್ರಶ್ನೆ ಹಾಕಿ, ಎಲ್ಲರೂ ಚಾಟಿನಲ್ಲಿ ಉತ್ತರ ಟೈಪ್ ಮಾಡಲಿ, ನೀವು ಹೇಳುವವರೆಗೆ ಕಳಿಸುವುದು ಬೇಡ. "ಈಗ" ಎಂದಾಗ ನಲವತ್ತು ಉತ್ತರ ಒಟ್ಟಿಗೆ ಬೀಳುತ್ತವೆ. ಯಾರು ಮಲಗಿದ್ದಾರೆ ಎಂದು ಅಲ್ಲೇ ಗೊತ್ತು.

11. ಪರೀಕ್ಷೆ ಮಾತ್ರ ದೂರದಿಂದ ಇಲ್ಲ

ಇಡೀ ಕೋರ್ಸು ಮೊಬೈಲಿನಲ್ಲಿ ಮುಗಿಸಿದರೂ ಎನ್‌ಪಿಟೆಲ್ ಪರೀಕ್ಷೆಗೆ ಕೇಂದ್ರಕ್ಕೆ ಹೋಗಬೇಕು. ನೋಂದಣಿ ಮಾಡುವಾಗ ಊರು ಆರಿಸಿಕೊಳ್ಳಬೇಕು, ತಡ ಮಾಡಿದರೆ ಹತ್ತಿರದ ಊರಿನ ಸೀಟು ತುಂಬಿರುತ್ತದೆ. ಬೆಳಿಗ್ಗೆಯ ಪಾಳಿ ಒಂಬತ್ತಕ್ಕೆ, ಮಧ್ಯಾಹ್ನದ್ದು ಎರಡಕ್ಕೆ. ನಮ್ಮ ಒಳಹಳ್ಳಿಗಳಿಂದ ಬೆಳಗಿನ ಮೊದಲ ಬಸ್ ಹಿಡಿದರೂ ಒಂಬತ್ತಕ್ಕೆ ಶಿವಮೊಗ್ಗ ಕಷ್ಟ. ಹಿಂದಿನ ದಿನ ಹೋಗಿ ಉಳಿಯಲು ನೆಂಟರ ಮನೆ ಇದೆಯೇ, ಹುಡುಗಿಯರ ಜೊತೆ ಯಾರು ಹೋಗುತ್ತಾರೆ, ಇದನ್ನು ಜುಲೈನಲ್ಲೇ ಮನೆಯಲ್ಲಿ ಮಾತಾಡಿಸುತ್ತೇನೆ. ಪರೀಕ್ಷೆಯ ಹಿಂದಿನ ಸಂಜೆ "ಅಪ್ಪ ಬೇಡ ಅಂದ್ರು" ಎಂಬ ಫೋನು ಬಂದರೆ ಹನ್ನೆರಡು ವಾರದ ದುಡಿಮೆ ನೀರಲ್ಲಿ ಹೋಯಿತು. ಹಾಲ್ ಟಿಕೆಟ್ ಪ್ರಿಂಟ್ ತೆಗೆದದ್ದು, ಗುರುತಿನ ಚೀಟಿಯ ಅಸಲು ಪ್ರತಿ, ಎರಡೂ ಕೈಯಲ್ಲಿರಬೇಕು. ಜೆರಾಕ್ಸ್ ನಡೆಯುವುದಿಲ್ಲ.

12. ಬಿಟ್ಟವರ ಲೆಕ್ಕ

ಎಂಐಟಿ ಮತ್ತು ಹಾರ್ವರ್ಡ್ ಎಡೆಕ್ಸ್‌ನಲ್ಲಿ ನಡೆಸಿದ ಕೋರ್ಸುಗಳ ಆರು ವರ್ಷದ ಅಂಕಿಅಂಶ 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. 2017-18ರಲ್ಲಿ ಸೇರಿದವರಲ್ಲಿ ಮುಗಿಸಿದವರು ಶೇಕಡಾ 3.13. ದುಡ್ಡು ಕಟ್ಟಿ ಪ್ರಮಾಣಪತ್ರಕ್ಕೆ ನೋಂದಾಯಿಸಿದವರಲ್ಲಿ ಮಾತ್ರ ಶೇಕಡಾ 46. ಹಾಗಾದರೆ ಫೀಸು ಕಟ್ಟಿದರೆ ಓದು ಬರುತ್ತದೆಯೇ ಎಂದು ಕೇಳಬೇಡಿ, ಸಂಖ್ಯಾಶಾಸ್ತ್ರದವಳ ಮುಂದೆ ಆ ಮಾತು ನಡೆಯುವುದಿಲ್ಲ. ಮನಸ್ಸು ಇದ್ದವರೇ ದುಡ್ಡು ಕಟ್ಟಿರುತ್ತಾರೆ. ಆದರೂ ನಾನು ನಮ್ಮ ಮಕ್ಕಳಿಗೆ ಎನ್‌ಪಿಟೆಲ್ ಪರೀಕ್ಷೆಯ ಸಾವಿರ ರೂಪಾಯಿಯನ್ನು ನೋಂದಣಿ ತೆರೆದ ವಾರವೇ ಕಟ್ಟಲು ಹೇಳುತ್ತೇನೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಅರ್ಧ ಶುಲ್ಕ, ಅದಕ್ಕೆ ಪ್ರಮಾಣಪತ್ರ ಅಪ್‌ಲೋಡ್ ಮಾಡಬೇಕು, ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಂಡರೆ ಮತ್ತೆ ಅದೇ ಬುಧವಾರದ ಗೋಳು.

ಬಿಟ್ಟವರನ್ನು ಬೈಯುವುದು ನಿಲ್ಲಿಸಿ ಬಹಳ ವರ್ಷವಾಯಿತು. ಮೂರು ವರ್ಷದ ಪದವಿಯನ್ನು ಮುಗಿಸಲು ಇಗ್ನೊ ಆರು ವರ್ಷ ಕೊಡುತ್ತಿದ್ದದ್ದು ಸುಮ್ಮನೆ ಅಲ್ಲ. ಬಾಣಂತನ, ಅಪ್ಪನ ಆಸ್ಪತ್ರೆ, ವರ್ಗಾವಣೆ, ಬಂದೋಬಸ್ತ್ ಡ್ಯೂಟಿ ಎಲ್ಲಕ್ಕೂ ಅದರಲ್ಲಿ ಜಾಗ ಇತ್ತು. ಎನ್‌ಪಿಟೆಲ್‌ನಲ್ಲೂ ಕಳೆದ ಬಾರಿ ಐದನೇ ವಾರಕ್ಕೆ ನಿಂತವರ ಹೆಸರು ನನ್ನ ಬಳಿ ಪಟ್ಟಿಯಲ್ಲಿರುತ್ತದೆ. ಅವರ ನೋಟ್‌ಬುಕ್‌ನಲ್ಲಿ ಐದು ವಾರದ ಪಾಠ ಈಗಲೂ ಇದೆ, ಹೊಸಬರಿಗಿಂತ ಅಷ್ಟು ಮುಂದಿದ್ದಾರೆ. ಜನವರಿ ಬ್ಯಾಚಿನ ಕೋರ್ಸು ಪಟ್ಟಿ ಬಂದ ಕೂಡಲೇ ಅವರಿಗೆ ಮೊದಲು ಫೋನ್ ಮಾಡುತ್ತೇನೆ. ಹಳೆಯ ಇಮೇಲ್ ಐಡಿಯಿಂದಲೇ ಸೇರಿಕೊಳ್ಳಿ, ಹೊಸದು ಮಾಡಿಕೊಂಡರೆ ಮತ್ತೆ ಹೆಸರು ತಾಳೆಯಾಗದೆ ಸುತ್ತಾಡಬೇಕಾಗುತ್ತದೆ ಎಂದು ಹೇಳಿ ಇಡುತ್ತೇನೆ.